ಅರಿವಳಿಕೆ ತಜ್ಞರಾಗಬೇಕೇ? ಬೆಳಗಾವಿ, ಬಾಗಲಕೋಟೆ, ವಿಜಯಪುರದ ವಿದ್ಯಾರ್ಥಿಗಳಿಗೆ ಪಿಯುಸಿಯಿಂದ ಓ.ಟಿ.ಯವರೆಗಿನ ದಾರಿ

ತಾಲ್ಲೂಕು ಊರಿನ ಆಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞರಿದ್ದಾರೆ, ಶಸ್ತ್ರಚಿಕಿತ್ಸಾ ಕೊಠಡಿ (ಓ.ಟಿ.) ಇದೆ, ರಕ್ತದ ವ್ಯವಸ್ಥೆಯೂ ಆಗಿದೆ. ಆದರೂ ನಡುರಾತ್ರಿ ಹೊಟ್ಟೆಯೊಳಗಿನ ಕೂಸಿನ ಎದೆಬಡಿತ ಇಳಿಯತೊಡಗಿದಾಗ ಗರ್ಭಿಣಿಯನ್ನು ಆಂಬುಲೆನ್ಸ್ ಹತ್ತಿಸಿ ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತಾರೆ. ಅರಿವಳಿಕೆ (ಅನಸ್ತೇಶಿಯಾ) ಕೊಡುವ ಡಾಕ್ಟರ್ ಇಲ್ಲ ಎಂಬುದು ಕಾರಣ. ನಮ್ಮ ಕಡೆ ಈ ಮಾತು ಹೊಸದಲ್ಲ.

ಬೇಡಿಕೆ ಇಷ್ಟಿದ್ದರೂ ಎಂ.ಬಿ.ಬಿ.ಎಸ್. ಮುಗಿಸಿದ ಅನೇಕರು ಈ ಶಾಖೆಗೆ ಬರುವುದು ಅರೆಮನಸ್ಸಿನಿಂದ. ರೇಡಿಯಾಲಜಿ ಸಿಗಲಿಲ್ಲ, ಮೆಡಿಸಿನ್ ಸಿಗಲಿಲ್ಲ, ಇದಾದರೂ ಇರಲಿ ಎಂದು ಬರುತ್ತಾರೆ. ಹಾಗೆ ಬಂದವರಲ್ಲಿ ಕೆಲವರು ಕೆಲಸವನ್ನು ಹಚ್ಚಿಕೊಂಡು ಉಳಿಯುತ್ತಾರೆ, ಕೆಲವರು ನಿವೃತ್ತಿಯಾಗುವವರೆಗೂ ಗೊಣಗುತ್ತಾರೆ. ಗೊಣಗುವವರ ಪಕ್ಕದಲ್ಲಿ ನಿಂತು ಕೆಲಸ ಮಾಡಿದ ಅನುಭವದಿಂದ ಹೇಳುತ್ತೇನೆ: ಮೊದಲು ನೋಡಿ, ಆಮೇಲೆ ಆರಿಸಿಕೊಳ್ಳಿ. ಈ ಬರಹದಲ್ಲಿ ಪರೀಕ್ಷೆ, ಸೀಟುಗಳಿಗಿಂತ ಕೆಲಸದ ವಿವರವೇ ಹೆಚ್ಚಾಗಿರುವುದು ಅದಕ್ಕೇ.

ಹೆಜ್ಜೆ 1: ಕೆಲಸವನ್ನು ಹತ್ತಿರದಿಂದ ನೋಡಿ

ಪಿಯುಸಿ ವಿದ್ಯಾರ್ಥಿಯನ್ನು ಯಾರೂ ಓ.ಟಿ. ಒಳಗೆ ಬಿಡುವುದಿಲ್ಲ, ಬಿಡಲೂಬಾರದು. ಅಲ್ಲಿ ಮಲಗಿರುವವರ ಮಾನದ ಪ್ರಶ್ನೆ ಅದು. ಆದರೆ ಬೇರೆ ಬಾಗಿಲುಗಳಿವೆ. 1846ರ ಅಕ್ಟೋಬರ್ 16ರಂದು ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಈಥರ್ ಬಳಸಿ ಅರಿವಳಿಕೆಯನ್ನು ಸಾರ್ವಜನಿಕವಾಗಿ ತೋರಿಸಿದರು. ಆ ದಿನವನ್ನು ವಿಶ್ವ ಅರಿವಳಿಕೆ ದಿನವಾಗಿ ಆಚರಿಸುತ್ತಾರೆ. ವೈದ್ಯಕೀಯ ಕಾಲೇಜುಗಳ ಅರಿವಳಿಕೆ ವಿಭಾಗಗಳು ಆ ಹೊತ್ತಿಗೆ ಶಾಲಾ ಮಕ್ಕಳು, ಪೊಲೀಸರು, ಬಸ್ ಚಾಲಕರಂಥವರಿಗೆ ಎದೆ ಒತ್ತಿ ಜೀವ ಉಳಿಸುವ ತರಬೇತಿ ನಡೆಸುವುದುಂಟು. ಭಾರತೀಯ ಅರಿವಳಿಕೆ ತಜ್ಞರ ಸಂಘ ಜನಸಾಮಾನ್ಯರಿಗೆಂದೇ, ಬಾಯಿಂದ ಉಸಿರು ಕೊಡದೆ ಎದೆ ಮಾತ್ರ ಒತ್ತುವ ವಿಧಾನವನ್ನು ಹೇಳಿಕೊಡುತ್ತದೆ. ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಗೊಂಬೆಯ ಮೇಲೆ ಎರಡು ನಿಮಿಷ ಒತ್ತಿ ನೋಡಿ, ತೋಳು ಸೋಲುತ್ತದೆ. ಅಲ್ಲಿಗೆ ಬಂದ ವೈದ್ಯರ ಜತೆ ಮಾತನಾಡಿ, ಒಂದು ಬೆಳಿಗ್ಗೆ ಅವರ ಪೂರ್ವ ತಪಾಸಣೆಯ ಹೊರರೋಗಿ ಕೊಠಡಿಯ ಮೂಲೆಯಲ್ಲಿ ಕೂರಲು ಅನುಮತಿ ಕೇಳಿ. ಕೇಳಿದವರಿಗೆ ಇಲ್ಲವೆನ್ನುವ ವೈದ್ಯರು ಕಡಿಮೆ.

ಆ ಕೊಠಡಿಯಲ್ಲಿ ಏನು ನಡೆಯುತ್ತದೆ? ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಯನ್ನು ಅರಿವಳಿಕೆಗೆ ಯೋಗ್ಯರೇ ಎಂದು ಪರೀಕ್ಷಿಸುವುದಕ್ಕೆ ಎಲ್ಲರೂ ಪಿ.ಎ.ಸಿ. ಎನ್ನುತ್ತಾರೆ. ಬಾಯಿ ತೆರೆಯಿರಿ, ನಾಲಿಗೆ ಚಾಚಿರಿ ಎಂದು ಗಂಟಲಲ್ಲಿ ಎಷ್ಟು ಕಾಣುತ್ತದೆ ಎಂಬುದನ್ನು ನೋಡಿ 1ರಿಂದ 4ರವರೆಗೆ ದರ್ಜೆ ಹಾಕುತ್ತಾರೆ. ರೋಗಿಯ ಮೂರು ಬೆರಳು ಅವರದೇ ಬಾಯೊಳಗೆ ನಿಲುವಾಗಿ ಹೋಗಬೇಕು. ನಿಪ್ಪಾಣಿ ಸೀಮೆ ತಂಬಾಕು ಬೆಳೆಗೆ ಹೆಸರಾಗಿದ್ದರೆ, ಗುಟ್ಕಾ, ಅಡಿಕೆ ಜಗಿಯುವವರು ಮೂರೂ ಜಿಲ್ಲೆಗಳಲ್ಲಿದ್ದಾರೆ. ವರ್ಷಗಟ್ಟಲೆ ಜಗಿದವರ ಕೆನ್ನೆಯ ಒಳಪದರ ಬಿಗಿದು ಒಂದು ಬೆರಳೂ ಒಳಗೆ ಹೋಗದಂತಾಗಿರುತ್ತದೆ. ಅಂಥವರಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿದ ಮೇಲೆ ಉಸಿರುನಾಳಕ್ಕೆ ಕೊಳವೆ ಇಳಿಸಲು ಹೊರಟರೆ ಅಪಾಯ. ಎಚ್ಚರವಿರುವಾಗಲೇ ಮೂಗಿನ ಮೂಲಕ ತೆಳುವಾದ ಕ್ಯಾಮೆರಾ ಕೊಳವೆ ಇಳಿಸಬೇಕಾಗಬಹುದು. ಈ ತೀರ್ಮಾನ ಆಗುವುದು ಪಿ.ಎ.ಸಿ. ಮೇಜಿನ ಮುಂದೆ, ಹಿಂದಿನ ದಿನ.

ಉಪವಾಸದ ಪ್ರಶ್ನೆಯೂ ಇಲ್ಲಿಯದೇ. ಗಟ್ಟಿ ಊಟಕ್ಕೆ 8 ಗಂಟೆ, ಹಗುರ ತಿಂಡಿಗೂ ಹಾಲಿಗೂ 6, ತಾಯಿಯ ಹಾಲಿಗೆ 4, ತಿಳಿನೀರಿಗೆ 2 ಗಂಟೆ ಅಂತರವಿರಬೇಕು. ಕಾಗದದ ಮೇಲೆ ಇದು ಸುಲಭ. ಶಸ್ತ್ರಚಿಕಿತ್ಸೆಯ ದಿನ ನಮ್ಮ ಕಡೆಯ ಸಂಭಾಷಣೆ ಹೀಗೆ ಸಾಗುತ್ತದೆ:

"ಅಜ್ಜಾ, ಮುಂಜಾನೆಯಿಂದ ಏನಾದರೂ ತಿಂದಿದ್ದೀರಾ?"

"ಇಲ್ಲ ಸಾಹೇಬರೇ."

"ಕುಡಿದದ್ದು?"

"ಏನೂ ಇಲ್ಲ."

"ಚಹಾ?"

"ಚಹಾ ಕುಡಿದೆ. ಅದೇನು ಊಟವೇ?"

ಹಾಲು ಹಾಕಿದ ಚಹಾ ಎಂದರೆ ಮತ್ತೆ 6 ಗಂಟೆ. ಹೊಟ್ಟೆಯಲ್ಲಿರುವುದು ಪ್ರಜ್ಞೆಯಿಲ್ಲದವರ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ಆದ್ದರಿಂದ ಒಂದೇ ಪ್ರಶ್ನೆಯನ್ನು ಮೂರು ಬಗೆಯಲ್ಲಿ, ಮೂರನೆಯ ಸಲವೂ ಬೇಸರ ತೋರದೆ ಕೇಳುವುದು ಈ ವೃತ್ತಿಯ ಮೊದಲ ಕೌಶಲ. ಬೆಳಗಾವಿಯಲ್ಲಿ ಅದನ್ನು ಮರಾಠಿಯಲ್ಲೂ ಕೇಳಲು ಬರಬೇಕು, ವಿಜಯಪುರದಲ್ಲಿ ಉರ್ದುವಿನಲ್ಲೂ. ತಾಂಡಾಗಳಿಂದ ಬಂದವರ ಹತ್ತಿರ ಲಂಬಾಣಿಯ ನಾಲ್ಕು ಮಾತು ಗೊತ್ತಿದ್ದರೆ ಅವರ ಮುಖ ಅರಳುತ್ತದೆ.

ಇನ್ನು ಓ.ಟಿ. ಒಳಗೆ. ಸಿಸೇರಿಯನ್‌ಗೆ ಸಾಮಾನ್ಯವಾಗಿ ಬೆನ್ನಿನ ಇಂಜೆಕ್ಷನ್ ಕೊಡುತ್ತಾರೆ. ಗದ್ದವನ್ನು ಎದೆಗೆ ಹಚ್ಚಿ ಬೆನ್ನು ಬಾಗಿಸಿ ಕೂರಲು ಹೇಳಿ, ಸೊಂಟದ ಮೂಳೆಗಳ ಅಂಚಿನ ಮಟ್ಟದಲ್ಲಿ ಬೆರಳಾಡಿಸಿ, ಎರಡು ಕಶೇರುಗಳ ನಡುವಿನ ಸಂದನ್ನು ಹುಡುಕುತ್ತಾರೆ. ತುಂಬ ತೆಳುವಾದ ಸೂಜಿ ಒಳಗೆ ಹೋಗಿ, ಕೊನೆಯ ಪದರ ದಾಟಿದಾಗ ಬೆರಳಿಗೆ ಸಣ್ಣ ಸಡಿಲ ತಾಗುತ್ತದೆ. ಸೂಜಿಯ ಹೊರತುದಿಯಲ್ಲಿ, ಬೆನ್ನುಹುರಿಯ ಸುತ್ತ ಇರುವ ತಿಳಿನೀರಿನ ಹನಿ ಮೂಡುತ್ತದೆ. ಆಗ ಔಷಧಿ. ಒಂದೆರಡು ನಿಮಿಷದಲ್ಲಿ ಕಾಲು ಬೆಚ್ಚಗಾಗಿ ಭಾರವಾಗುತ್ತವೆ. ನೋಡುವವರಿಗೆ ಇಷ್ಟೇ ಕಾಣುವುದು, ಕೆಲಸ ಶುರುವಾಗುವುದು ಇದರ ಮುಂದೆ. "ಹೊಟ್ಟೆ ತೊಳಸುತ್ತಿದೆ ಅಕ್ಕಾ" ಎಂದು ಆ ಹೆಣ್ಣುಮಗಳು ಅಂದರೆ ರಕ್ತದೊತ್ತಡ ಇಳಿಯುತ್ತಿದೆ ಎಂದು ಊಹಿಸಬೇಕು, ಮುಂದಿನ ಅಳತೆ ಪರದೆಯ ಮೇಲೆ ಬರುವವರೆಗೆ ಕಾಯಬಾರದು. ತುಂಬಿದ ಗರ್ಭಕೋಶ ದೊಡ್ಡ ರಕ್ತನಾಳದ ಮೇಲೆ ಒರಗದಂತೆ ಬಲ ಸೊಂಟದ ಕೆಳಗೆ ಬಟ್ಟೆಯ ಸುರುಳಿ ಇಟ್ಟು ಎಡಕ್ಕೆ ವಾಲಿಸಿ, ಗ್ಲೂಕೋಸ್ ಬಾಟಲಿ ಎಂದು ಜನ ಕರೆಯುವ ಸಲೈನ್ ವೇಗ ಹೆಚ್ಚಿಸಿ, ಒತ್ತಡ ಏರಿಸುವ ಔಷಧಿಯನ್ನು ಕೊಡಬೇಕು. ಕೂಸು ಅತ್ತ ಮೇಲೆ ಎಲ್ಲರ ಕಣ್ಣು ಕೂಸಿನ ಕಡೆ. ಅರಿವಳಿಕೆ ತಜ್ಞರ ಕಣ್ಣು ತಾಯಿಯ ಕಡೆಯೇ ಇರಬೇಕು. ಪೇಢಾ ಡಬ್ಬಿ ಸರ್ಜನ್‌ಗೆ ಹೋಗುತ್ತದೆ. ಅದಕ್ಕೆ ಬೇಸರಿಸುವವರು ಈ ಕಡೆ ಬರದಿರುವುದೇ ಒಳ್ಳೆಯದು.

ಓ.ಟಿ.ಯ ಹೊರಗೂ ಕೆಲಸವಿದೆ. ತೀವ್ರ ನಿಗಾ ಘಟಕ, ಹೆರಿಗೆ ನೋವು ಕಡಿಮೆ ಮಾಡುವುದು, ದೀರ್ಘಕಾಲದ ನೋವಿನ ಚಿಕಿತ್ಸೆ, ಅಪಘಾತದ ಗಾಯಾಳುಗಳ ಉಸಿರು ಕಾಪಾಡುವುದು ಎಲ್ಲವೂ ಇವರದೇ. ಹೊಲಕ್ಕೆ ಹೊಡೆಯುವ ಕೀಟನಾಶಕ ಕುಡಿದವರು, ನಾಗರ ಅಥವಾ ಕಟ್ಟುಹಾವು ಕಚ್ಚಿ ಉಸಿರಾಟದ ಸ್ನಾಯುಗಳು ಸೋತವರು ನಮ್ಮ ಭಾಗದ ಐ.ಸಿ.ಯು.ಗಳಿಗೆ ಅಪರೂಪದ ಅತಿಥಿಗಳಲ್ಲ. ಅವರನ್ನು ವೆಂಟಿಲೇಟರ್ ಮೇಲೆ ದಿನಗಟ್ಟಲೆ ಕಾಯುವುದರಲ್ಲಿ ಅರಿವಳಿಕೆ ತಜ್ಞರ ಪಾಲು ದೊಡ್ಡದು.

ಹೆಜ್ಜೆ 2: ನಿಮ್ಮ ಸ್ವಭಾವಕ್ಕೆ ಒಗ್ಗುತ್ತದೆಯೇ?

ಬುದ್ಧಿವಂತಿಕೆ ಎಲ್ಲ ಶಾಖೆಗೂ ಬೇಕು. ಇಲ್ಲಿ ಅದಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ಬೇಸರ ಮತ್ತು ಭಯ, ಎರಡನ್ನೂ ನೀವು ಹೇಗೆ ತಾಳಿಕೊಳ್ಳುತ್ತೀರಿ ಎಂಬುದು. ಮೂರು ಗಂಟೆ ಏನೂ ಆಗುವುದಿಲ್ಲ. ಆಮೇಲೆ ಮೂರು ನಿಮಿಷದಲ್ಲಿ ಎಲ್ಲವೂ ಆಗುತ್ತದೆ. ಹೊಲ ಕಾಯುವವರಿಗೆ ಈ ಬದುಕು ಪರಿಚಿತ: ರಾತ್ರಿಯೆಲ್ಲ ಹಂದಿ ಬರುವುದಿಲ್ಲ, ಕಣ್ಣು ಮುಚ್ಚಿದಾಗಲೇ ಬರುತ್ತದೆ. ಪಲ್ಸ್ ಆಕ್ಸಿಮೀಟರ್‌ನ ಟಿಕ್ ಟಿಕ್ ಸದ್ದು ಆಮ್ಲಜನಕ ಇಳಿದಂತೆ ಮಂದ್ರಕ್ಕೆ ಇಳಿಯುತ್ತದೆ. ಪಕ್ಕದವರ ಜತೆ ಮಾತನಾಡುತ್ತಿದ್ದರೂ ಆ ಇಳಿಕೆಗೆ ಕಿವಿ ನಿಮಿರಬೇಕು.

ಲೆಕ್ಕವೂ ಬರಬೇಕು. ಗಣಿತದ ಕಾಟ ತಪ್ಪಿತು ಎಂದು ವೈದ್ಯಕೀಯ ಆರಿಸುವವರಿಗೆ ಇದು ಕಹಿ ಸುದ್ದಿ. ಪ್ರಜ್ಞೆ ತಪ್ಪಿಸುವ ಪ್ರೊಪೊಫಾಲ್ ಅನ್ನು ಆರೋಗ್ಯವಂತ ವಯಸ್ಕರಿಗೆ ಕಿಲೋಗೆ ಸುಮಾರು 2 ಮಿಲಿಗ್ರಾಂನಂತೆ ಕೊಟ್ಟರೆ, 60 ಕಿಲೋ ತೂಕದವರಿಗೆ 120 ಮಿಲಿಗ್ರಾಂ. ಮಿಲಿಲೀಟರ್‌ಗೆ 10 ಮಿಲಿಗ್ರಾಂ ಇರುವ ಸೀಸೆಯಾದರೆ 12 ಮಿಲಿಲೀಟರ್. ಎಂಬತ್ತರ ಅಜ್ಜಿಗೆ ಅಷ್ಟು ಬೇಡ, ಎಷ್ಟು ಕಡಿಮೆ ಎಂಬುದನ್ನು ಕಣ್ಣಳತೆ ಮತ್ತು ಅನುಭವ ಹೇಳಬೇಕು.

ಪಿಯುಸಿಯ ಭೌತಶಾಸ್ತ್ರ ಅಷ್ಟು ನೇರವಾಗಿ ಕೆಲಸಕ್ಕೆ ಬರುವ ಇನ್ನೊಂದು ವೈದ್ಯ ಶಾಖೆಯನ್ನು ನಾನು ಕಂಡಿಲ್ಲ. ಸಣ್ಣ ಬಿ ಟೈಪ್ ಆಮ್ಲಜನಕ ಸಿಲಿಂಡರ್ ತುಂಬಿದ್ದರೆ ಸುಮಾರು 1,500 ಲೀಟರ್ ಅನಿಲ. ಮಾಪಕದ ಮುಳ್ಳು ಅರ್ಧಕ್ಕೆ ಇಳಿದಿದ್ದರೆ ಉಳಿದದ್ದು 750 ಲೀಟರ್; ನಿಮಿಷಕ್ಕೆ 5 ಲೀಟರ್ ಬಿಟ್ಟರೆ ಎರಡೂವರೆ ಗಂಟೆ. ಅದೇ ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಅನಿಲದ ಸಿಲಿಂಡರ್‌ಗೆ ಈ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ಅದರೊಳಗೆ ದ್ರವವಿರುತ್ತದೆ, ಕೊನೆಯ ಹನಿ ಆವಿಯಾಗುವವರೆಗೆ ಮುಳ್ಳು ಹೆಚ್ಚು ಕದಲದೆ, ಆಮೇಲೆ ಒಮ್ಮೆಲೇ ಬೀಳುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ತೂಗಿಯೇ ನೋಡಬೇಕು.

ಎಲ್ಲರ ಮುಂದೆ "ಈ ಕೇಸ್ ಇವತ್ತು ಬೇಡ" ಎಂದು ಹಿರಿಯ ಸರ್ಜನ್‌ಗೆ ಹೇಳುವ ಗಟ್ಟಿತನ ನಿಮ್ಮಲ್ಲಿದೆಯೇ ಎಂಬುದನ್ನೂ ಕೇಳಿಕೊಳ್ಳಿ. ಇದನ್ನು ಕಾಲೇಜಿನಲ್ಲಿ ಕಲಿಸುವುದಿಲ್ಲ.

ಹೆಜ್ಜೆ 3: ಪಿಯುಸಿ, ನೀಟ್, ಎಂ.ಬಿ.ಬಿ.ಎಸ್. ಸೀಟು

ಈ ಭಾಗದ ಬಗ್ಗೆ ಕೋಚಿಂಗ್‌ನವರು ಬೇಕಾದಷ್ಟು ಹೇಳುತ್ತಾರೆ, ಆದ್ದರಿಂದ ಚುಟುಕಾಗಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿ ದ್ವಿತೀಯ ಪಿಯುಸಿ ತೇರ್ಗಡೆಯಾಗಬೇಕು. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಅದರಲ್ಲಿ ಅರ್ಧ ಜೀವಶಾಸ್ತ್ರ. ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ.

ಸೀಟು ಹಂಚಿಕೆಯಲ್ಲಿ ನಮ್ಮವರು ಎಡವುವ ಕಡೆಗಳು ಬೇರೆ. ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ. ಪಕ್ಕದಲ್ಲೇ ಇದ್ದರೂ ಬೆಳಗಾವಿ, ಬಾಗಲಕೋಟೆ, ವಿಜಯಪುರ ಅದರಲ್ಲಿಲ್ಲ. ನಮ್ಮ ಮಕ್ಕಳ ಕೈಯಲ್ಲಿರುವುದು ಗ್ರಾಮೀಣ ಮೀಸಲಾತಿ ಶೇ 15 ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಶೇ 5. ಎರಡಕ್ಕೂ 1ರಿಂದ 10ನೇ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು, ಬಿ.ಇ.ಒ. ಕಚೇರಿಯ ಮೇಲುರುಜು ಬೇಕು. ಫಲಿತಾಂಶ ಬಂದ ಮೇಲೆ ಓಡಾಡಿದರೆ ತಡವಾಗುತ್ತದೆ. ಪಿಯುಸಿ ಎರಡನೇ ವರ್ಷದ ಬೇಸಿಗೆಗೆ ಮುಂಚೆಯೇ ಮಾಡಿಸಿಟ್ಟುಕೊಳ್ಳಿ.

ಯಾವ ಕಾಲೇಜಿಗೆ ಯಾವ ಬಾಗಿಲು ಎಂಬುದೂ ತಿಳಿದಿರಲಿ. ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಬಿಮ್ಸ್, ಸರ್ಕಾರಿ ಕಾಲೇಜು. ಬಾಗಲಕೋಟೆ ನವನಗರದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ವಿಜಯಪುರದ ಅಲ್-ಅಮೀನ್ ವೈದ್ಯಕೀಯ ಕಾಲೇಜು ಖಾಸಗಿಯವು. ಈ ಮೂರಕ್ಕೂ ರಾಜ್ಯದ ಸೀಟುಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆ.ಇ.ಎ.) ಮೂಲಕ. ಬೆಳಗಾವಿಯ ಕೆ.ಎಲ್.ಇ. ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಮತ್ತು ವಿಜಯಪುರದ ಬಿ.ಎಲ್.ಡಿ.ಇ. ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಸೇರಿದವು. ಅವಕ್ಕೆ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯ (ಎಂ.ಸಿ.ಸಿ.) ಕೌನ್ಸೆಲಿಂಗ್‌ನಲ್ಲಿ ಪ್ರತ್ಯೇಕವಾಗಿ ನೋಂದಾಯಿಸಬೇಕು. ಕೆ.ಇ.ಎ.ಗೆ ಅರ್ಜಿ ಹಾಕಿ ಎಲ್ಲವೂ ಆಯಿತೆಂದು ಕುಳಿತರೆ ಈ ಎರಡು ಕೈತಪ್ಪುತ್ತವೆ.

ವೈದ್ಯ ಸೀಟು ಸಿಗದೆ ಓ.ಟಿ.ಯ ಕೆಲಸವೇ ಬೇಕೆನಿಸಿದವರಿಗೆ ಅರಿವಳಿಕೆ ಮತ್ತು ಓ.ಟಿ. ತಂತ್ರಜ್ಞಾನದ ಬಿ.ಎಸ್ಸಿ. ಇದೆ. ಯಂತ್ರ ಸಿದ್ಧಪಡಿಸುವುದು, ಔಷಧಿ ಜೋಡಿಸುವುದು, ತಜ್ಞರ ಬಲಗೈಯಾಗಿ ನಿಲ್ಲುವುದು ಗೌರವದ ಕೆಲಸ, ಒಳ್ಳೆಯ ತಂತ್ರಜ್ಞರಿಲ್ಲದ ಓ.ಟಿ.ಗೆ ಹೋಗಲು ನನಗೇ ಹೆದರಿಕೆ. ಆದರೆ ಈ ಪದವಿ ಪಡೆದವರು ಸ್ವತಂತ್ರವಾಗಿ ಅರಿವಳಿಕೆ ಕೊಡುವಂತಿಲ್ಲ. "ಇದನ್ನೇ ಓದಿದರೂ ಡಾಕ್ಟರ್ ಆದಂತೆಯೇ" ಎಂದು ಹೇಳಿ ಶುಲ್ಕ ಕಟ್ಟಿಸಿಕೊಳ್ಳುವ ಏಜೆಂಟರನ್ನು ಬಾಗಿಲಲ್ಲೇ ಕಳಿಸಿ.

ಹೆಜ್ಜೆ 4: ಎಂ.ಬಿ.ಬಿ.ಎಸ್. ಓದುವಾಗ

ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷದ ಶರೀರಕ್ರಿಯಾಶಾಸ್ತ್ರದಲ್ಲಿ ಹೃದಯ ಮತ್ತು ಉಸಿರಾಟ, ಎರಡನೇ ವರ್ಷದ ಔಷಧಶಾಸ್ತ್ರದಲ್ಲಿ ನರವ್ಯೂಹದ ಭಾಗ, ಇವನ್ನು ಪರೀಕ್ಷೆಗಷ್ಟೇ ಓದಿ ಬಿಡಬೇಡಿ. ಅರಿವಳಿಕೆ ಎಂದರೆ ಈ ಎರಡು ವಿಷಯಗಳು ಕಣ್ಣೆದುರು ನಡೆಯುವುದು. ಔಷಧಿ ಕೊಟ್ಟ ಮೂವತ್ತು ಸೆಕೆಂಡಿನಲ್ಲಿ ಪುಸ್ತಕದಲ್ಲಿದ್ದದ್ದು ಪರದೆಯ ಮೇಲೆ ಕಾಣುತ್ತದೆ.

2021ರ ಇಂಟರ್ನ್‌ಶಿಪ್ ನಿಯಮಾವಳಿಯ ಪ್ರಕಾರ ಅರಿವಳಿಕೆ ಮತ್ತು ತೀವ್ರ ನಿಗಾ ವಿಭಾಗಕ್ಕೆ 2 ವಾರ ಸಿಗುತ್ತದೆ. ಬಹುತೇಕರು ಅದನ್ನು ಸ್ನಾತಕೋತ್ತರ ಪ್ರವೇಶದ ನೀಟ್ ಪಿ.ಜಿ. ಪರೀಕ್ಷೆಗೆ ಓದಲು ಸಿಕ್ಕ ಬಿಡುವೆಂದುಕೊಳ್ಳುತ್ತಾರೆ. ನೀವು ಹಾಗೆ ಮಾಡಬೇಡಿ. ಬೆಳಿಗ್ಗೆ ಮೊದಲ ಕೇಸಿಗೆ ಮುಂಚೆ ಹೋಗಿ ಯಂತ್ರ ಪರಿಶೀಲಿಸುವುದನ್ನು ನೋಡಿ. ಕೈಗೆ ಮಾಸ್ಕ್ ಕೊಟ್ಟರೆ ಗದ್ದ ಎತ್ತಿ ಹಿಡಿದು ಉಸಿರು ಕೊಡುವುದನ್ನು ಕಲಿಯಿರಿ. ಕೊಳವೆ ಹಾಕುವುದಕ್ಕೆ ಎಲ್ಲರೂ ಮುಗಿಬೀಳುತ್ತಾರೆ, ಆದರೆ ಜೀವ ಉಳಿಸುವುದು ಮಾಸ್ಕ್. ಒಂದು ರಾತ್ರಿ ಪಾಳಿಯನ್ನಾದರೂ ಕೇಳಿ ಹಾಕಿಸಿಕೊಳ್ಳಿ. ಹಗಲು ಹೊತ್ತಿನ ಓ.ಟಿ. ನೋಡಿ ಈ ಶಾಖೆ ಆರಿಸುವುದು ಮದುವೆಮನೆಯಲ್ಲಿ ಹೆಣ್ಣು ನೋಡಿದಷ್ಟೇ ಭದ್ರ.

ಹೆಜ್ಜೆ 5: ಪಿ.ಜಿ. ಸೀಟು ಆರಿಸುವುದು

ನೀಟ್ ಪಿ.ಜಿ.ಯಲ್ಲಿ 200 ಪ್ರಶ್ನೆ, 800 ಅಂಕ. ಸರ್ಕಾರಿ ಕಾಲೇಜುಗಳ ಅರ್ಧ ಸೀಟು ಅಖಿಲ ಭಾರತ ಕೋಟಾ, ಉಳಿದದ್ದು ರಾಜ್ಯದ ಪಾಲು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪಿ.ಜಿ. ವೈದ್ಯಕೀಯದಲ್ಲಿ ವಾಸಸ್ಥಳದ ಆಧಾರದ ಮೀಸಲಾತಿ ಸಲ್ಲದು ಎಂದು ತೀರ್ಪು ನೀಡಿದೆ. ಹಾಗಾಗಿ ಹಳೆಯ ವರ್ಷಗಳ ಕಟ್‌ಆಫ್ ಪಟ್ಟಿ ನೋಡಿ ಕುಳಿತುಕೊಳ್ಳದೆ ಆಯಾ ವರ್ಷದ ಮಾಹಿತಿ ಪುಸ್ತಿಕೆ ಓದಿ. ಸರ್ಕಾರಿ ಸೇವೆಯ ಕಡ್ಡಾಯ ಅವಧಿಯ ವಿಷಯವೂ ಅಷ್ಟೇ. 2012ರ ರಾಜ್ಯ ಕಾಯ್ದೆಗೆ ಆಮೇಲೆ ತಿದ್ದುಪಡಿಯಾಗಿದೆ, ನಿಮ್ಮ ತಂಡಕ್ಕೆ ಯಾವ ಆದೇಶ ಅನ್ವಯಿಸುತ್ತದೆ ಎಂಬುದನ್ನು ಪ್ರವೇಶದ ಹೊತ್ತಿಗೇ ಕೇಳಿಕೊಳ್ಳಿ.

ವಿಶ್ವವಿದ್ಯಾಲಯದ ಎಂ.ಡಿ. 3 ವರ್ಷ, ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿ.ಎನ್.ಬಿ. 3 ವರ್ಷ, ಎರಡೂ ತಜ್ಞತೆಗೆ ಸಮಾನ. 2 ವರ್ಷದ ಡಿಪ್ಲೊಮಾ ಮುಗಿಸಿ ಮೇಲೆ 2 ವರ್ಷದ ಡಿ.ಎನ್.ಬಿ. ಮಾಡುವ ದಾರಿಯೂ ಇದೆ. ತಾಲ್ಲೂಕಿನಲ್ಲಿ ಕೆಲಸ ಮಾಡುವೆನೆಂದು ನಿರ್ಧರಿಸಿದವರಿಗೆ ಡಿಪ್ಲೊಮಾ ಸಾಕಾಗುತ್ತದೆ, ಬೋಧನೆಗೆ ಸಾಮಾನ್ಯವಾಗಿ ಅದೊಂದೇ ಸಾಕಾಗುವುದಿಲ್ಲ.

ಕಾಲೇಜಿನ ಹೆಸರಿಗಿಂತ ಅಲ್ಲಿ ಈಗ ಓದುತ್ತಿರುವ ಎರಡನೇ ವರ್ಷದ ರೆಸಿಡೆಂಟ್ (ಪಿ.ಜಿ. ವೈದ್ಯ) ಒಬ್ಬರನ್ನು ಹಿಡಿದು ಮಾತನಾಡಿಸುವುದು ಲೇಸು. ಮೊದಲ ವರ್ಷದವರಿಗೆ ಗೊತ್ತಿರುವುದಿಲ್ಲ, ಮೂರನೇ ವರ್ಷದವರಿಗೆ ಹೇಳುವ ಪುರಸೊತ್ತಿರುವುದಿಲ್ಲ. ಕೇಳಬೇಕಾದವು: ರಾತ್ರಿ ಹನ್ನೆರಡಕ್ಕೆ ಕಷ್ಟದ ಕೇಸ್ ಬಂದರೆ ಅಧ್ಯಾಪಕರು ಕೊಠಡಿಯೊಳಗೆ ಇರುತ್ತಾರೋ ಫೋನಿನಲ್ಲಿ ಇರುತ್ತಾರೋ? ಸಣ್ಣ ಮಕ್ಕಳ ಶಸ್ತ್ರಚಿಕಿತ್ಸೆ, ಮಿದುಳಿನ ಮತ್ತು ಹೃದಯದ ಶಸ್ತ್ರಚಿಕಿತ್ಸೆ ಅಲ್ಲೇ ನಡೆಯುತ್ತವೆಯೋ, ಇಲ್ಲವಾದರೆ ಬೇರೆಡೆ ಕಳಿಸುತ್ತಾರೋ? ನರಗಳ ಸುತ್ತ ಔಷಧಿ ಕೊಡಲು ಅಲ್ಟ್ರಾಸೌಂಡ್ ಯಂತ್ರ ವಿಭಾಗದ್ದೇ ಇದೆಯೋ, ರೇಡಿಯಾಲಜಿಯಿಂದ ಬೇಡಿ ತರಬೇಕೋ? ಐ.ಸಿ.ಯು.ನಲ್ಲಿ ಅರಿವಳಿಕೆ ವಿಭಾಗಕ್ಕೆ ಮಾತಿದೆಯೋ? ಸ್ಟೈಪೆಂಡ್ ತಿಂಗಳಿಗೆ ಸರಿಯಾಗಿ ಖಾತೆಗೆ ಬರುತ್ತದೆಯೋ? ಕೊನೆಯ ಪ್ರಶ್ನೆಗೆ ಎದುರಿನವರು ಸುಮ್ಮನೆ ನಕ್ಕರೆ ಉತ್ತರ ಸಿಕ್ಕಿತೆಂದು ತಿಳಿಯಿರಿ.

ದುಡ್ಡಿನ ಬಗ್ಗೆ ಒಂದು ಖಡಾಖಂಡಿತ ಮಾತು. ಈ ಶಾಖೆಯ ದೊಡ್ಡ ಲಾಭವೆಂದರೆ ಓದು ಮುಗಿದ ಮೇಲೆ ಸ್ವಂತ ಆಸ್ಪತ್ರೆ ಕಟ್ಟಬೇಕಿಲ್ಲ, ಸ್ಕ್ಯಾನ್ ಯಂತ್ರ ಕೊಳ್ಳಬೇಕಿಲ್ಲ, ಒಂದು ಚೀಲ ಮತ್ತು ಒಂದು ವಾಹನ ಸಾಕು. ಮ್ಯಾನೇಜ್‌ಮೆಂಟ್ ಸೀಟಿಗೆ ಹೊಲ ಮಾರಿದರೆ ಆ ಲಾಭವೆಲ್ಲ ಬಡ್ಡಿಗೆ ಹೋಗುತ್ತದೆ. ಒಂದು ವರ್ಷ ಇನ್ನೊಮ್ಮೆ ಬರೆಯಿರಿ, ಇಲ್ಲವೇ ಸರ್ಕಾರಿ ಸೇವೆ ಸೇರಿ ಸೇವಾನಿರತರ ಕೋಟಾದಲ್ಲಿ ಪ್ರಯತ್ನಿಸಿ. ನೀರಾವರಿ ಎಕರೆ ಮತ್ತೆ ಬರುವುದಿಲ್ಲ.

ಹೆಜ್ಜೆ 6: ಮೂರು ವರ್ಷದ ರೆಸಿಡೆನ್ಸಿ

ಮೊದಲ ಆರು ತಿಂಗಳು ಕೈಗೆ ಕೆಲಸ ಹತ್ತುವುದಿಲ್ಲ. ಅಭಿಧಮನಿ ಸಿಗುವುದಿಲ್ಲ, ಬೆನ್ನಿನ ಸೂಜಿ ಮೂಳೆಗೆ ತಾಗುತ್ತದೆ, ಸರ್ಜನ್ ಗಡಿಯಾರ ನೋಡುತ್ತಾರೆ. ಇದು ಎಲ್ಲರಿಗೂ ಆಗುವಂಥದ್ದು, ಬಿಟ್ಟು ಹೋಗುವ ಕಾರಣವಲ್ಲ. ಈ ಹಂತದಲ್ಲಿ ರೂಢಿಸಿಕೊಂಡ ಅಭ್ಯಾಸಗಳು ಕೊನೆಯವರೆಗೆ ಉಳಿಯುತ್ತವೆ. ಪ್ರತಿ ಸಿರಿಂಜ್‌ಗೂ ಹೆಸರಿನ ಚೀಟಿ ಅಂಟಿಸಿ. ಬಣ್ಣವಿಲ್ಲದ ಹತ್ತು ಔಷಧಿಗಳು ಹತ್ತು ಸಿರಿಂಜ್‌ಗಳಲ್ಲಿ ಒಂದೇ ಬಗೆಯಾಗಿ ಕಾಣುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯನ್ನು ಗಟ್ಟಿಯಾಗಿ ಓದಿ. ಪ್ರಜ್ಞೆ ತಪ್ಪಿಸುವ ಮುಂಚೆ, ಕತ್ತಿ ಇಡುವ ಮುಂಚೆ, ಹೊರಗೆ ಕಳಿಸುವ ಮುಂಚೆ, ಹೀಗೆ ಮೂರು ಸಲ. ಕೊಳವೆ ಉಸಿರುನಾಳದಲ್ಲೇ ಇದೆ ಎಂಬುದಕ್ಕೆ ಎದೆ ಏರಿಳಿಯಿತು ಎಂಬುದು ಸಾಕ್ಷಿಯಲ್ಲ, ಕ್ಯಾಪ್ನೋಗ್ರಾಫ್‌ನಲ್ಲಿ ಉಸಿರು ಉಸಿರಿಗೂ ಮೂಡುವ ಇಂಗಾಲದ ಡೈಆಕ್ಸೈಡ್‌ನ ಗೆರೆ ಸಾಕ್ಷಿ.

ಈ ಅವಧಿಯಲ್ಲಿ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡುವುದು ಕಡ್ಡಾಯ. ಇದನ್ನು ಶಿಕ್ಷೆ ಎಂದು ಎಣಿಸುವವರೇ ಬಹಳ. ಆದರೆ ಕಾಲೇಜಿನ ಸೌಕರ್ಯವಿಲ್ಲದೆ ಕೇಸ್ ನಡೆಸುವುದು ಹೇಗೆಂದು ತಿಳಿಯುವುದು ಅಲ್ಲೇ. ಮುಂದೆ ನೀವು ಕೆಲಸ ಮಾಡುವ ಊರು ಕಾಲೇಜಿಗಿಂತ ಆ ಆಸ್ಪತ್ರೆಯನ್ನೇ ಹೆಚ್ಚು ಹೋಲುತ್ತದೆ.

ಯಾರೂ ಬಾಯಿಬಿಟ್ಟು ಹೇಳದ ಒಂದು ಅಪಾಯವಿದೆ. ಫೆಂಟನಿಲ್‌ನಂಥ, ಚಟ ಹತ್ತಿಸಬಲ್ಲ ನೋವು ನಿವಾರಕ ಔಷಧಿಗಳು ದಿನವೂ ಕೈಗೆ ಸಿಗುವ ಶಾಖೆ ಇದು. ನಿದ್ದೆಗೆಟ್ಟ, ಒಂಟಿತನದ ರೆಸಿಡೆಂಟ್ ಆ ಕಡೆ ಜಾರಿದ ಉದಾಹರಣೆಗಳು ಜಗತ್ತಿನಾದ್ಯಂತ ಇವೆ. ಗೆಳೆಯರಲ್ಲಿ ಯಾರಾದರೂ ಬೇಡದ ರಾತ್ರಿ ಪಾಳಿಗಳನ್ನು ತಾವಾಗಿ ಕೇಳಿ ಪಡೆಯುತ್ತಿದ್ದರೆ, ಔಷಧಿಯ ಲೆಕ್ಕ ತಪ್ಪುತ್ತಿದ್ದರೆ ಸುಮ್ಮನಿರಬೇಡಿ. ಹಿರಿಯರೊಬ್ಬರಿಗೆ ತಿಳಿಸುವುದು ಚಾಡಿಯಲ್ಲ.

ಹೆಜ್ಜೆ 7: ಎಂ.ಡಿ. ಆದ ಮೇಲೆ ಎಲ್ಲಿ, ಹೇಗೆ?

ಬೋಧನೆ ಬೇಕೆಂದರೆ ಒಂದು ವರ್ಷ ಸೀನಿಯರ್ ರೆಸಿಡೆಂಟ್ ಆಗಿರಬೇಕು, ಆಮೇಲೆ ಸಹಾಯಕ ಪ್ರಾಧ್ಯಾಪಕ ಹುದ್ದೆ. ಬೋಧನೆ ಬೇಡದಿದ್ದರೂ ಆ ವರ್ಷ ಮಾಡಿ ಎನ್ನುತ್ತೇನೆ: ಜವಾಬ್ದಾರಿ ನಿಮ್ಮದು, ಕೂಗಿದರೆ ಬರುವವರೂ ಇರುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಯಂ ನೇಮಕಾತಿಯ ಜತೆಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಹುದ್ದೆಗಳೂ ಇರುತ್ತವೆ. ತಾಲ್ಲೂಕು ಆಸ್ಪತ್ರೆಗೆ ಹೋಗುವವರು ಅಲ್ಲಿ ತಾವು ಒಬ್ಬರೇ ತಜ್ಞರೋ ಇಬ್ಬರೋ ಎಂಬುದನ್ನು ಮೊದಲು ಕೇಳಬೇಕು. ಒಬ್ಬರೇ ಎಂದರೆ ದಿನದ 24 ಗಂಟೆಯೂ ನಿಮ್ಮದೇ ಪಾಳಿ, ಜಾತ್ರೆ, ಮದುವೆ ಯಾವುದೂ ಇಲ್ಲ. ಬಿಡುವಿನ ದಿನಗಳನ್ನು ಬರಹದಲ್ಲಿ ಪಡೆಯದೆ ಸೇರಬೇಡಿ.

ನಮ್ಮ ಕಡೆ ಬಹಳ ಜನ ಬದುಕು ಕಟ್ಟಿಕೊಳ್ಳುವುದು ನರ್ಸಿಂಗ್ ಹೋಮ್‌ಗಳಿಗೆ ಕರೆದಾಗ ಹೋಗುವ ಸ್ವತಂತ್ರ ವೃತ್ತಿಯಲ್ಲಿ. ಬೆಳಿಗ್ಗೆ ಮುಧೋಳದಲ್ಲಿ ಹರ್ನಿಯಾ, ಮಧ್ಯಾಹ್ನ ಜಮಖಂಡಿಯಲ್ಲಿ ಗರ್ಭಕೋಶ, ರಾತ್ರಿ ಊಟಕ್ಕೆ ಕುಳಿತಾಗ ಇನ್ನೊಂದು ಕಡೆಯಿಂದ ಸಿಸೇರಿಯನ್ ಕರೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಇಂಥ ರಸ್ತೆಯಲ್ಲಿ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಬಿದ್ದರೆ ಹೊತ್ತಿಗೆ ತಲುಪುವುದು ದೇವರ ಇಚ್ಛೆ. "ಇಪ್ಪತ್ತು ನಿಮಿಷದಲ್ಲಿ ಬರುತ್ತೇನೆ" ಎಂದು ಫೋನಿನಲ್ಲಿ ಮಾತು ಕೊಡುವ ಮುಂಚೆ ಇದನ್ನು ಲೆಕ್ಕ ಹಿಡಿಯಿರಿ.

ಈ ವೃತ್ತಿಗೆ ಇಳಿಯುವವರು ಮೊದಲು ಚೀಲ ಕಟ್ಟಿಕೊಳ್ಳಬೇಕು. ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪ್ ಮತ್ತು ಅದಕ್ಕೆ ಹೆಚ್ಚುವರಿ ಬ್ಯಾಟರಿ, ಎಲ್ಲ ಅಳತೆಯ ಕೊಳವೆಗಳು, ಕೊಳವೆಗೆ ದಾರಿ ತೋರುವ ಕಡ್ಡಿಯಂಥ ಬೂಜಿ, ಕೊಳವೆ ಹೋಗದಿದ್ದಾಗ ಗಂಟಲಲ್ಲಿ ಕೂರಿಸುವ ಐ-ಜೆಲ್, ಕೈಯಿಂದ ಉಸಿರು ಒತ್ತುವ ಆಂಬು ಬ್ಯಾಗ್, ಬೆರಳಿಗೆ ಹಾಕುವ ಆಕ್ಸಿಮೀಟರ್, ಸಾಧ್ಯವಾದರೆ ಜೇಬಿನಷ್ಟು ಸಣ್ಣ ಕ್ಯಾಪ್ನೋಗ್ರಾಫ್. ಹೃದಯ ಸೋತಾಗ ಬೇಕಾಗುವ ತುರ್ತು ಔಷಧಿಗಳಾದ ಅಡ್ರಿನಲಿನ್, ಅಟ್ರೋಪಿನ್ ನಿಮ್ಮ ಚೀಲದಲ್ಲೇ ಇರಲಿ, ಅವಧಿ ಮುಗಿದಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ನರಗಳ ಸುತ್ತ ಇಂಜೆಕ್ಷನ್ ಕೊಡುವವರು ಶೇ 20ರ ಲಿಪಿಡ್ (ಕೊಬ್ಬಿನ ದ್ರಾವಣ) ಬಾಟಲಿ ಹತ್ತಿರದಲ್ಲಿ ಎಲ್ಲಿ ಸಿಗುತ್ತದೆಂದು ಮೊದಲೇ ತಿಳಿದಿರಬೇಕು. ಮರಗಟ್ಟಿಸುವ ಔಷಧಿ ರಕ್ತಕ್ಕೆ ಸೇರಿ ಹೃದಯ ನಿಂತಾಗ ಅದಕ್ಕೆ ಮದ್ದಾದ ಈ ಬಾಟಲಿಯನ್ನು ಹುಡುಕಿಕೊಂಡು ಹೋಗಲಾಗುವುದಿಲ್ಲ.

ಆಸ್ಪತ್ರೆಗೆ ಕಾಲಿಟ್ಟ ಮೇಲೆ ಕೇಸ್ ಶುರುವಾಗುವ ಮುಂಚೆ ಸ್ವತಃ ಕೈಯಾರೆ ನೋಡಬೇಕಾದವು: ಆಮ್ಲಜನಕದ ಎರಡನೇ ಸಿಲಿಂಡರ್ ತುಂಬಿದೆಯೇ, ಅದರ ಕೀಲಿಕೈ ಎಲ್ಲಿದೆ, ಬಾಯಿಯ ಜೊಲ್ಲು, ವಾಂತಿ ಹೀರುವ ಸಕ್ಷನ್ ಯಂತ್ರ ಎಳೆಯುತ್ತದೆಯೇ, ಟೇಬಲ್ ತಲೆ ಕಡೆ ಇಳಿಯುತ್ತದೆಯೇ, ಕರೆಂಟ್ ಹೋದರೆ ಮಾನಿಟರ್ ಉಳಿಯುತ್ತದೆಯೇ. "ಎಲ್ಲ ಸರಿ ಇದೆ ಸರ್" ಎಂಬ ಉತ್ತರಕ್ಕೆ ಬೆಲೆಯಿಲ್ಲ. ಸಕ್ಷನ್ ಇಲ್ಲದ ಕಡೆ ಕೇಸ್ ತೆಗೆದುಕೊಳ್ಳಬೇಡಿ. ಹೊಸಬರಾದ ನಿಮಗೆ ಇದರಿಂದ ಮೊದಲ ವರ್ಷ ಒಂದೆರಡು ಆಸ್ಪತ್ರೆಗಳ ಕರೆ ನಿಲ್ಲುತ್ತದೆ. ಎರಡನೇ ವರ್ಷ ಅದೇ ಕಾರಣಕ್ಕೆ ಬೇರೆ ಸರ್ಜನ್‌ಗಳು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಒಂದೇ ಹೊತ್ತಿಗೆ ಎರಡು ಟೇಬಲ್ ನೋಡಿಕೊಳ್ಳಿ ಎಂದು ಕೇಳುವವರಿದ್ದಾರೆ. ಒಪ್ಪಬೇಡಿ. ಮುಂದಿನ ಊರಿನಿಂದ ಕರೆ ಬರುತ್ತಿದೆ ಎಂದು ರೋಗಿ ಪೂರ್ತಿ ಎಚ್ಚರವಾಗುವ ಮುಂಚೆ ಚೀಲ ಕಟ್ಟಬೇಡಿ. ಹೇಳಿದಂತೆ ತಲೆ ಎತ್ತಿ ಐದು ಸೆಕೆಂಡ್ ಹಿಡಿಯುತ್ತಾರೆಯೇ, ಗಾಳಿಯಲ್ಲೇ ಆಮ್ಲಜನಕದ ಮಟ್ಟ ನಿಲ್ಲುತ್ತದೆಯೇ ನೋಡಿ, ಮನೆಯವರ ಕಣ್ಣೆದುರಿಗೆ ಒಮ್ಮೆ ಮಾತನಾಡಿಸಿ ಹೊರಡಿ.

ಕಾಗದ ಪತ್ರ ಎಂದರೆ ನಮ್ಮವರಿಗೆ ಅಸಡ್ಡೆ. ಅರಿವಳಿಕೆಯ ಒಪ್ಪಿಗೆ ಪತ್ರ ಶಸ್ತ್ರಚಿಕಿತ್ಸೆಯ ಒಪ್ಪಿಗೆಯಿಂದ ಬೇರೆಯಾಗಿರಲಿ, ರೋಗಿಗೆ ಬರುವ ಭಾಷೆಯಲ್ಲಿರಲಿ. 1995ರಲ್ಲಿ ಸುಪ್ರೀಂ ಕೋರ್ಟ್ ಹಣ ಪಡೆದು ನೀಡುವ ವೈದ್ಯ ಸೇವೆ ಗ್ರಾಹಕ ಕಾಯ್ದೆಯಡಿ ಬರುತ್ತದೆ ಎಂದು ಹೇಳಿದ ಮೇಲೆ, ಬರೆಯದೇ ಬಿಟ್ಟದ್ದನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸುವುದು ಕಷ್ಟ. ಐದು ನಿಮಿಷಕ್ಕೊಮ್ಮೆ ನಾಡಿ, ಒತ್ತಡ ಬರೆದ ಚಾರ್ಟಿನ ಪ್ರತಿ ನಿಮ್ಮ ಮೊಬೈಲ್‌ನಲ್ಲಿ ಫೋಟೊ ಆಗಿ ಉಳಿಯಲಿ, ರೋಗಿಯ ಗುರುತು ಹೊರಗೆ ಹೋಗದಂತೆ ಜೋಪಾನ ಮಾಡಿ. ವೃತ್ತಿ ವಿಮೆಯನ್ನು ಮೊದಲ ಕೇಸಿಗೆ ಮುಂಚೆ ಮಾಡಿಸಿ.

ಸಂಭಾವನೆ ಕೇಳಲು ನಾಚಬೇಡಿ. ಪ್ರತಿ ಬಗೆಯ ಕೇಸಿಗೆ ದರ, ರಾತ್ರಿಗೆ ಎಷ್ಟು ಹೆಚ್ಚು, ರದ್ದಾದರೆ ಏನು ಎಂಬುದನ್ನು ಶುರುವಿನಲ್ಲೇ ಮಾತಾಡಿ ಬರೆದುಕೊಳ್ಳಿ. ಸಣ್ಣ ಡೈರಿಯಲ್ಲಿ ದಿನಾಂಕ, ಆಸ್ಪತ್ರೆ, ಕೇಸ್, ಬಂದ ಹಣ ಬರೆದಿಡಿ. ನರ್ಸಿಂಗ್ ಹೋಮ್‌ನವರು ಶೇ 10 ಟಿ.ಡಿ.ಎಸ್. (ಮೂಲದಲ್ಲೇ ಕಡಿಯುವ ಆದಾಯ ತೆರಿಗೆ) ಕಡಿದು ಕೊಡುತ್ತಾರೆ, ಕಡಿದದ್ದನ್ನು ನಿಮ್ಮ ಪ್ಯಾನ್‌ಗೆ ಕಟ್ಟಿದ್ದಾರೆಯೇ ಎಂಬುದು ಮೂರು ತಿಂಗಳಿಗೊಮ್ಮೆ ನೋಡಬೇಕಾದ ವಿಷಯ. ಮೂರು ತಿಂಗಳ ಬಾಕಿ ಉಳಿಸಿಕೊಂಡವರಿಗೆ ನಾಲ್ಕನೇ ತಿಂಗಳು ತುರ್ತಲ್ಲದ ಕೇಸುಗಳಿಗೆ ಪುರಸೊತ್ತಿಲ್ಲ ಎನ್ನಿ. ತುರ್ತು ಕೇಸಿಗೆ ಮಾತ್ರ ಲೆಕ್ಕ ಬದಿಗಿಟ್ಟು ಹೋಗಿ.

ಹೆಜ್ಜೆ 8: ಇನ್ನೂ ಓದಬೇಕೆಂದರೆ

ಸೂಪರ್ ಸ್ಪೆಷಾಲಿಟಿ ಪ್ರವೇಶದ ನೀಟ್ ಎಸ್.ಎಸ್. ಪರೀಕ್ಷೆ ಬರೆದು ಹೃದಯ, ನರ, ಮಕ್ಕಳ ಅರಿವಳಿಕೆ ಅಥವಾ ತೀವ್ರ ನಿಗಾ ವೈದ್ಯಶಾಸ್ತ್ರದಲ್ಲಿ 3 ವರ್ಷದ ಡಿ.ಎಂ. ಮಾಡಬಹುದು. ಹೃದಯ ಅಥವಾ ನರ ಅರಿವಳಿಕೆ ಮಾಡಿದವರಿಗೆ ಅಂಥ ಶಸ್ತ್ರಚಿಕಿತ್ಸೆ ನಡೆಯುವ ದೊಡ್ಡ ಆಸ್ಪತ್ರೆ ಬೇಕೇ ಬೇಕು. ಬೆಳಗಾವಿಯಲ್ಲಿ ಅದಕ್ಕೆ ಅವಕಾಶವಿದೆ, ತಾಲ್ಲೂಕುಗಳಲ್ಲಿ ಇಲ್ಲ. ಊರಲ್ಲೇ ನೆಲೆಸಬೇಕೆಂದಿರುವವರಿಗೆ ನನ್ನ ಮತ ತೀವ್ರ ನಿಗಾ ಕಡೆಗೆ. ನೋವು ಚಿಕಿತ್ಸೆಯ ಫೆಲೋಶಿಪ್ ಇನ್ನೊಂದು ದಾರಿ. ಕಬ್ಬು ಕಡಿದು, ಕಳೆ ತೆಗೆದು ಬೆನ್ನು, ಮೊಣಕಾಲು ಸವೆದವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿದ್ದಾರೆ. ಅದಕ್ಕೆಂದೇ ಕುಳಿತುಕೊಳ್ಳುವ ವೈದ್ಯರು ಈ ಊರುಗಳಲ್ಲಿ ಇನ್ನೂ ವಿರಳ. ರಾತ್ರಿ ಕರೆಗಳಿಂದ ದೇಹ ದಣಿಯುವ ವಯಸ್ಸಿನಲ್ಲಿ ಹಗಲು ಹೊತ್ತಿನ ಹೊರರೋಗಿ ವಿಭಾಗವೊಂದು ಕೈಯಲ್ಲಿದ್ದರೆ ಅನುಕೂಲ. ಆದ್ದರಿಂದ ಆ ಫೆಲೋಶಿಪ್ ಅನ್ನು ನಲವತ್ತು ದಾಟುವ ಮುಂಚೆ ಮುಗಿಸಿಕೊಳ್ಳಿ.